ಹಸಿರು ಚೀಟಿಯ ಮರಿಗಳು

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅದೇ. ಟೀ ಲೋಟ ಮೇಜಿನ ಮೇಲೆ ತಾನಾಗಿ ಸರಿಯಿತು. ಸರಕು ವಿಮಾನ. ಪ್ರಯಾಣಿಕರ ವಿಮಾನಕ್ಕೆ ಕಿಟಕಿ ಮಾತ್ರ ನಡುಗುತ್ತದೆ. ಇದಕ್ಕೆ ಕಪಾಟಿನ ಪುಸ್ತಕಗಳೂ ಅಂಚಿಗೆ ಬಂದು ಇಣುಕುತ್ತವೆ. ಒಳಗೆ ತಳ್ಳಿದೆ. ಊರಿನ ಗ್ರಂಥಾಲಯದಲ್ಲಿ ಇಡೀ ಸರ್ವಿಸ್ ಮಾಡಿದ್ದು ಇದನ್ನೇ. ನಿವೃತ್ತಿಯಾದ ಮೇಲೂ ತಪ್ಪಿಲ್ಲ — ಹಣೆಬರಹ.

ಪೇಪರಿನಲ್ಲಿ ಅರ್ಧ ಪುಟ. "ಪ್ರಾಂತ್ಯದ ಆರ್ಥಿಕತೆಗೆ ರೆಕ್ಕೆ." ಸರಕು ಟರ್ಮಿನಲ್‌ನಲ್ಲಿ ಹೊಸ ಕೋಲ್ಡ್ ರೂಮ್ — ಹೂ, ಹಣ್ಣು ಕೆಡದಂತೆ ಕೊರೆಯುವ ಚಳಿಯಲ್ಲಿಡುವ ಕೋಣೆ — ಮುಂದಿನ ವಾರ ಉದ್ಘಾಟನೆ. ಇದೇ ತಲೆಬರಹ ಟರ್ಮಿನಲ್‌ಗೆ ಅಡಿಗಲ್ಲು ಹಾಕಿದ ವರ್ಷವೂ ಬಂದಿತ್ತು. ಅವರು ಮರೆತಿರಬಹುದು, ನಾನು ಮರೆತಿಲ್ಲ. ಅದಕ್ಕೆ ಜಾಗ ಬೇಕೆಂದು ಗ್ರಂಥಾಲಯ ಕೆಡವಿದ್ದೂ ಆ ವರ್ಷವೇ. "ಇದಕ್ಕಿಂತ ದೊಡ್ಡದು ಕಟ್ಟಿಕೊಡುತ್ತೇವೆ" ಅಂದರು. ಕಟ್ಟಿದರು, ದೊಡ್ಡದೇ. ಗೋದಾಮು.

ತಂಗಿಗೆ ಫೋನ್ ಮಾಡಿ ಓದಿ ಹೇಳಿದೆ. ಊರಾಚೆ ಹ್ಯಾಚರಿ ಅವಳದು — ಮೊಟ್ಟೆಗಳನ್ನು ಯಂತ್ರದಲ್ಲಿ ಕಾವಿಗಿಟ್ಟು, ಕೋಳಿಮರಿ ಮಾಡಿ ಮಾರುತ್ತಾಳೆ. ಹಿಂದೆ ಮರಿಗಳ ಗಲಾಟೆ.

"ಅಕ್ಕಾ, ಬೆಳ್ಳಂಬೆಳಿಗ್ಗೆ ಶುರು ಮಾಡ್ಬೇಡ. ಆ ವಿಮಾನ ಇಲ್ದಿದ್ರೆ ನಾನಿನ್ನೂ ಮಾರ್ಕೆಟ್ ಮೂಲೇಲಿ ಬುಟ್ಟಿ ಇಟ್ಕೊಂಡು ಕೂತಿರ್ತಿದ್ದೆ."

"ನಾನು ಲೈಬ್ರರಿಲಿ ಕೂತಿರ್ತಿದ್ದೆ."

"ನಿನ್ನನ್ನ ರಿಟೈರ್ ಮಾಡಿದ್ದು ವಿಮಾನ ಅಲ್ಲ, ವಯಸ್ಸು!"

ನಕ್ಕಳು. ಅವಳು ನಕ್ಕರೆ ನನ್ನ ಕೋಪ ನಿಲ್ಲುವುದಿಲ್ಲ.

ಮಾರ್ಚ್ 7, ಮಧ್ಯಾಹ್ನ

ಹ್ಯಾಚರಿಗೆ ಹೋಗಿದ್ದೆ. ಒಳಗೆ ಬೆಚ್ಚಗೆ, ತೇವ, ಮೊಟ್ಟೆ ಚಿಪ್ಪಿನ ವಾಸನೆ. ತಂಗಿ ಬ್ಯಾಂಕಿಗೆ ಹೋಗಿದ್ದಳು. ಬಂದಿದ್ದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು — "ಅಕ್ಕಾ! ದ್ವೀಪದವನು ಒಪ್ಪಿದ!" ಒಳ್ಳೆಯ ಸುದ್ದಿ ಇದ್ದರೆ ಗೇಟು ತೆಗೆಯುವಷ್ಟೂ ತಾಳ್ಮೆ ಇಲ್ಲ. ಚಿಕ್ಕಂದಿನಿಂದ ಹೀಗೇ. ಪರೀಕ್ಷೆ ಫಲಿತಾಂಶ ಅವಳ ಬಾಯಿಂದ ಬೀದಿಗೆಲ್ಲ ಮೊದಲು ತಿಳಿಯುತ್ತಿತ್ತು, ಮನೆಗೆ ಆಮೇಲೆ. ಫೇಲಾದ ವರ್ಷ ಮಾತ್ರ ಸದ್ದಿಲ್ಲದೆ ಬಂದು ಹಿತ್ತಲಲ್ಲಿ ಕೂತಿದ್ದಳು.

ಸಮುದ್ರದಾಚೆಯ ದ್ವೀಪದಲ್ಲಿ ಕೋಳಿ ಸಾಕುವವರಿದ್ದಾರೆ, ಹ್ಯಾಚರಿ ಇಲ್ಲ. ಅಲ್ಲಿನ ವ್ಯಾಪಾರಿ ಇನ್ನು ಮೇಲೆ ಇವಳೊಬ್ಬಳಿಂದಲೇ ಮರಿ ತರಿಸುತ್ತಾನಂತೆ. ಹುಟ್ಟಿದ ಮರಿಗೆ ಎರಡು ಮೂರು ದಿನ ಕಾಳೂ ಬೇಡ ನೀರೂ ಬೇಡ. ಮೊಟ್ಟೆಯ ಹಳದಿ ಹೊಟ್ಟೆಯೊಳಗೇ ಉಳಿದಿರುತ್ತದೆ. ತಾಯಿ ಕಟ್ಟಿಕೊಟ್ಟ ಬುತ್ತಿ. ಅಷ್ಟರಲ್ಲಿ ತಲುಪಬೇಕು. ಹಡಗಿಗೆ ಐದು ದಿನ. ಹಾಗಾಗಿ ವಿಮಾನ.

ತಂಗಿಯ ಮಗಳು ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅವಳ ಕೆಲಸ ಸರಕು ಟರ್ಮಿನಲ್‌ನ ಕೌಂಟರಿನಲ್ಲಿ. ಒಂದು ಚೀಟಿ "ಜೀವಂತ", ಇನ್ನೊಂದು ಹಸಿರು — "ಬೇಗ ಕೆಡುವ ಸರಕು".

"ಮರಿ ಯಾವಾಗಿಂದ ಟೊಮೇಟೊ ಆಯ್ತೇ?"

"ದೊಡ್ಡಮ್ಮ, ಹಸಿರು ಇದ್ರೆ ಮೊದ್ಲು ಲೋಡ್ ಮಾಡ್ತಾರೆ. ಇಲ್ದಿದ್ರೆ ಮೊಬೈಲ್ ಪೆಟ್ಟಿಗೆ ಎಲ್ಲ ಹೋದ್ಮೇಲೆ ಜಾಗ ಉಳಿದ್ರೆ. ಎಲ್ಲರೂ ಹೀಗೇ ಮಾಡೋದು. ಟನ್ ಸಾಹೇಬ್ರೇ ಹೇಳ್ಕೊಟ್ಟಿದ್ದು."

ಟನ್ ಸಾಹೇಬರು ಅಂದರೆ ಟರ್ಮಿನಲ್ ಮ್ಯಾನೇಜರ್. ಬಾಯಿ ತೆಗೆದರೆ ಟನ್. ಹೆಂಡತಿಯನ್ನೂ ತೂಗಿ ನೋಡಿಯೇ ಮದುವೆಯಾಗಿರಬೇಕು ಎಂದು ಕೌಂಟರಿನ ಹುಡುಗಿಯರು ನಗುತ್ತಾರಂತೆ.

ಮರಿಯೊಂದನ್ನು ಕೈಗಿಟ್ಟಳು. ತೂಕವೇ ಇಲ್ಲ. ಬಿಸಿ ಮಾತ್ರ.

ಮಾರ್ಚ್ 11, ಬೆಳಿಗ್ಗೆ

ಇವತ್ತು ಕೋಲ್ಡ್ ರೂಮ್ ಉದ್ಘಾಟನೆ. ಗಣ್ಯರ ಕಾರುಗಳಿಗಾಗಿ ನಮ್ಮ ಬೀದಿ ಬಂದ್. ಹಾಲಿನವನೂ ಬಂದಿಲ್ಲ. ಕರಿ ಟೀ. ಅಭಿವೃದ್ಧಿಗೆ ಜಯವಾಗಲಿ.

ದ್ವೀಪಕ್ಕೆ ಮೊದಲ ದೊಡ್ಡ ಲೋಡ್ ಕೂಡ ಇವತ್ತೇ. ಬೆಳಕು ಹರಿಯುವಾಗಲೇ ತಂಗಿಯ ವ್ಯಾನ್ ಹೋಯಿತು. ಮರಿಗಳ ಸದ್ದು ಬೀದಿ ಕೊನೆಯವರೆಗೂ ಕೇಳಿತು.

ಸಂಜೆ

ಸತ್ತವು. ಎಲ್ಲ.

ಬರೆಯಲಾಗುತ್ತಿಲ್ಲ.

ಮಾರ್ಚ್ 12

ತಂಗಿಯ ಮಗಳು ಹೇಳಿದ್ದು. ಅತ್ತು ಅತ್ತು ಹೇಳಿದಳು, ನಡುನಡುವೆ ನಿಲ್ಲಿಸಿ.

ಕೋಲ್ಡ್ ರೂಮಿನ ಹೊರಗೆ ದೊಡ್ಡ ಬೋರ್ಡು. ಒಳಗೆ ಎಷ್ಟು ಭಾಗ ತುಂಬಿದೆ ಎಂದು ದೀಪದಲ್ಲಿ ತೋರಿಸುತ್ತದೆ. ಉದ್ಘಾಟನೆ ದಿನ ಅದು ಖಾಲಿ ಕಾಣಬಾರದು. ಹೂವಿನ ಲಾರಿಗಳು ಹೇಳಿದಷ್ಟು ಬರಲಿಲ್ಲ. ಟನ್ ಸಾಹೇಬರ ಅಪ್ಪಣೆ — ಹಸಿರು ಚೀಟಿ ಇರುವುದೆಲ್ಲ ಒಳಗೆ. ಹೊಸದಾಗಿ ಕರೆಸಿದ ಲೋಡರುಗಳು, ಹೇಳಿದಷ್ಟು ಮಾಡಿದರು. ಹಸಿರು ಕಂಡಿತು, ತಳ್ಳಿದರು. ಒಳಗೆ ಯಂತ್ರಗಳ ಹೋ ಎನ್ನುವ ಸದ್ದು, ಹೊರಗೆ ಬ್ಯಾಂಡು. ಮರಿಗಳು ಕೂಗಿದ್ದು ಯಾರಿಗೆ ಕೇಳಬೇಕು? ಗಣ್ಯರು ತಡವಾಗಿ ಬಂದರು. ಬಂದ ಮೇಲೆ ಭಾಷಣ.

ಈ ಹುಡುಗಿ ಆಗ ಎಲ್ಲಿದ್ದಳು? ಬಾಗಿಲಲ್ಲೇ. ರಿಬ್ಬನ್ ಕತ್ತರಿಸುವ ಕತ್ತರಿಯ ತಟ್ಟೆ ಹಿಡಿದು, ಹೊಸ ಸೀರೆಯಲ್ಲಿ. ಅವಳಮ್ಮನ ಪೆಟ್ಟಿಗೆಗಳು ಬೆನ್ನ ಹಿಂದೆ, ಒಂದು ಗೋಡೆಯಾಚೆ.

"ಟ್ರಾಲಿ ಹೊರಗೆ ಬಂತು ದೊಡ್ಡಮ್ಮ. ಯಾವಾಗಲೂ ಟ್ರಾಲಿಗಿಂತ ಮೊದ್ಲು ಸದ್ದು ಬರ್ತಿತ್ತು. ನಿನ್ನೆ ಚಕ್ರದ ಸದ್ದು ಮಾತ್ರ."

ಮಾರ್ಚ್ 13

ಪೇಪರಿನಲ್ಲಿ ಉದ್ಘಾಟನೆಯ ಫೋಟೊ. "ಮೊದಲ ದಿನವೇ ದಾಖಲೆ ಸರಕು." ಮಗಳು ಹೇಳುತ್ತಾಳೆ, ಆ ಪೆಟ್ಟಿಗೆಗಳನ್ನು ಹೋಗುವ ಸರಕೆಂದು ಒಮ್ಮೆ ತೂಗಿದರು, ವಾಪಸ್ ಕೊಡುವಾಗ ಬಂದ ಸರಕೆಂದು ಇನ್ನೊಮ್ಮೆ. ಸತ್ತ ಮರಿಯೂ ಪ್ರಾಂತ್ಯದ ಬೆಳವಣಿಗೆಗೆ ಎರಡು ಸಲ ದುಡಿದಿದೆ.

ಮೈಯೆಲ್ಲ ಉರಿ. ತಂಗಿ ಹ್ಯಾಚರಿಯ ಹಿಂದೆ ಗುಂಡಿ ತೋಡಿಸಿದಳು. ನಾನೂ ಹೋಗಿ ನಿಂತೆ. ಅವಳು ಅಳಲಿಲ್ಲ.

"ಟನ್ ಸಾಹೇಬನ ಹತ್ರ ಹೋಗಿದ್ದೆ. ಮೊದ್ಲು ಚೀಟಿ ಅಂಟಿಸಿದ್ದು ನೀವೇ ಅಂದ. ಆಮೇಲೆ ದನಿ ಇಳಿಸಿದ. ಇನ್ನೊಂದು ಲೋಡ್ ರೆಡಿ ಮಾಡಿ, ಬಾಡಿಗೆ ಇಲ್ದೆ ಕಳಿಸ್ಕೊಡ್ತೀನಿ, ದ್ವೀಪದವನಿಗೂ ನಾನೇ ಫೋನ್ ಮಾಡ್ತೀನಿ ಅಂದ. ಒಂದೇ ಮಾತು, ಇದನ್ನ ದೊಡ್ಡದು ಮಾಡ್ಬೇಡಿ ಅಂದ."

"ಬಾಯ್ಮಾತು! ಇವರ ಬಾಯ್ಮಾತು ಎಷ್ಟು ಕೇಳಿಲ್ಲ ನಾವು? ಲೈಬ್ರರಿನೂ ಬಾಯ್ಮಾತಲ್ಲೇ ಕಟ್ಟಿದ್ರು."

"ಅಕ್ಕಾ." ನನ್ನ ಕೈ ಹಿಡಿದಳು. ಅವಳ ಕೈಯಲ್ಲಿ ಮಣ್ಣು. "ನೀನು ಪೇಪರಿಗೆ ಬರೀಬೇಡ. ನಿನ್ನ ಕಾಲಿಗೆ ಬೀಳ್ತೀನಿ. ನಿನ್ನ ಜಗಳ ಅವರ ಜೊತೆ ಹಳೇದು. ನಂದು ಬರೀ ಮರಿ."

ಸರಿ ಅಂದೆ.

ಮಾರ್ಚ್ 14, ಸಂಜೆ

ಯಂತ್ರದ ತಟ್ಟೆಗಳೆಲ್ಲ ತುಂಬುವಷ್ಟು ಮೊಟ್ಟೆ ಇಟ್ಟಿದ್ದಾಳೆ. ಬದಲಿ ಲೋಡಿಗೆ. ಮೂರು ವಾರಕ್ಕೆ ಮರಿ. ಕೈಲಿದ್ದುದೆಲ್ಲ ಸುರಿದಿದ್ದಾಳೆಂದು ಮಗಳು ಪಿಸುಗುಟ್ಟಿದಳು.

ಮಾರ್ಚ್ 15

ಬೆಳಿಗ್ಗೆ ಸರಕು ವಿಮಾನಕ್ಕೆ ಒಂದು ಪುಸ್ತಕ ಕೆಳಗೆ ಬಿತ್ತು. ಎತ್ತಿಕೊಂಡೆ, ಗ್ರಂಥಾಲಯದ ಸೀಲು. ಕೆಡವುವ ದಿನ ಮಳೆಗೆ ನೆನೆಯುತ್ತಿದ್ದಾಗ ನಾನು ಎತ್ತಿ ತಂದ ಪುಸ್ತಕಗಳು ಇವೆಲ್ಲ.

ಮಧ್ಯಾಹ್ನದವರೆಗೂ ಬರೆದೆ. ಹರಿದೆ. ಮತ್ತೆ ಬರೆದೆ. ತಂಗಿಯ ಹೆಸರು ಇಲ್ಲ. ಮಗಳ ಹೆಸರೂ ಇಲ್ಲ, "ಒಳಗಿನವರು ಹೇಳುವಂತೆ" ಅಂತ ಮಾತ್ರ. ಬೋರ್ಡು, ಅಪ್ಪಣೆ, ಬ್ಯಾಂಡು, ಎರಡು ಸಲ ತೂಗಿದ್ದು — ಎಲ್ಲ. ಒಬ್ಬರಾದರೂ ಹೇಳದಿದ್ದರೆ ನಾಳೆ ಇನ್ನೇನನ್ನು ಒಳಗೆ ತಳ್ಳುತ್ತಾರೋ.

ಸಂಪಾದಕ ಹಳೆಯ ಓದುಗ, ನನ್ನ ಗ್ರಂಥಾಲಯದಲ್ಲೇ ಬೆಳೆದವನು. "ಮೇಡಂ, ಬೆಂಕಿ!" ಅಂದ. ಖುಷಿಯಾಯಿತು. ಸುಳ್ಳು ಯಾಕೆ, ಆಯಿತು.

ಮಾರ್ಚ್ 17

ಅಚ್ಚಾಯಿತು. ಮೊದಲ ಪುಟದಲ್ಲೇ, ಚೌಕಟ್ಟಿನಲ್ಲಿ. ಟೀ ಅಂಗಡಿಯಲ್ಲಿ ಜೋರಾಗಿ ಓದುತ್ತಿದ್ದರು. ಅಂಗಡಿಯವನು ಲೋಟ ಕೊಟ್ಟು, "ಚೆನ್ನಾಗಿ ನೀರಿಳಿಸಿದ್ದೀರಿ" ಅಂದ.

ತಂಗಿ ಫೋನ್ ಎತ್ತುತ್ತಿಲ್ಲ.

ಮಾರ್ಚ್ 24

ಆರು ದಿನ ಬರೆದಿಲ್ಲ. ಬರೆಯುವುದಕ್ಕೇ ಭಯ.

ಟರ್ಮಿನಲ್ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ. "ಇತ್ತೀಚಿನ ದುರದೃಷ್ಟಕರ ಘಟನೆ ಮರುಕಳಿಸದಂತೆ, ಮುಂದಿನ ಆದೇಶದವರೆಗೆ ಜೀವಂತ ಪಕ್ಷಿಗಳನ್ನು ಸ್ವೀಕರಿಸಲಾಗುವುದಿಲ್ಲ."

ಎರಡು ಸಲ ಓದಿದೆ. ಜೀವಂತ ಪಕ್ಷಿಗಳನ್ನು. ಬೋರ್ಡು ತೆಗೆದಿಲ್ಲ. ಅಪ್ಪಣೆ ಕೊಟ್ಟವನನ್ನು ಕೇಳಿಲ್ಲ. ಮರಿ ಸತ್ತಿತೆಂದು ಬರೆದೆ; ಮರಿಯೇ ಬೇಡ ಅಂದರು. ಎಷ್ಟು ಸಲೀಸು! ಇಷ್ಟು ವರ್ಷ ಇವರನ್ನು ನೋಡಿದವಳು ನಾನು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಮಗಳನ್ನು ಕೌಂಟರಿನಿಂದ ತೆಗೆದು ಟ್ರಾಲಿ ಯಾರ್ಡಿಗೆ ಹಾಕಿದ್ದಾರೆ. ಬಿಸಿಲಲ್ಲಿ. "ಒಳಗಿನವರು" ಯಾರೆಂದು ತಿಳಿಯಲು ಅವರಿಗೆ ಬಹಳ ಹೊತ್ತು ಬೇಕಾಗಿಲ್ಲ. ದಾರಿಯಲ್ಲಿ ಸಿಕ್ಕಳು.

"ಪರವಾಗಿಲ್ಲ ದೊಡ್ಡಮ್ಮ. ನೀವು ಬರೆದಿದ್ದು ನಿಜವೇ ತಾನೆ."

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 25

ಟನ್ ಸಾಹೇಬರನ್ನು ನೋಡಲು ಹೋದೆ. ಕಾಲಿಡುವುದಿಲ್ಲ ಅಂದಿದ್ದ ಜಾಗ. ಗಾಜು, ಏಸಿ, ಗೋಡೆ ತುಂಬಾ ಮೇಲೇರುವ ಗೆರೆಗಳ ಚಿತ್ರ. ಲೆಕ್ಕ ಹಾಕಿದೆ — ನಮ್ಮ ವಾಚನಾಲಯ ಇದ್ದದ್ದು ಸರಿಸುಮಾರು ಅವನ ಕುರ್ಚಿಯ ಕೆಳಗೆ.

ಎದ್ದು ನಿಂತು ಕುರ್ಚಿ ಕೊಟ್ಟ. ಅದೇ ಕಷ್ಟ. ಕೆಟ್ಟವನ ಹಾಗೆ ಕಾಣುವುದೂ ಇಲ್ಲ.

"ಮೇಡಂ, ನಿಮ್ಮ ತಂಗಿಯವರಿಗೆ ನಾನು ಮಾತು ಕೊಟ್ಟಿದ್ದೆ. ಕಳಿಸ್ತಿದ್ದೆ. ನಿಮ್ಮ ಲೇಖನ ಬಂತು, ವಿಷಯ ಮೇಲೆ ಹೋಯ್ತು. ಮೇಲಿನವರಿಗೆ ಟನ್ ಮುಖ್ಯ. ನಿಮ್ಮ ಮರಿಗಳಿಂದ ಎಷ್ಟು ಟನ್ ಬರುತ್ತೆ ಹೇಳಿ? ತಲೆನೋವು ಮಾತ್ರ ಟನ್‌ಗಟ್ಟಲೆ."

"ತಪ್ಪು ಒಪ್ಪಿಕೊಂಡು ಇನ್ನೊಂದು ಲೇಖನ ಬರೀತೀನಿ."

ಈ ಮಾತು ನನ್ನ ಬಾಯಿಂದಲೇ ಬಂತು. ನಾಚಿಕೆ ಕೂಡ ಆಗಲಿಲ್ಲ.

"ದಯವಿಟ್ಟು ಇನ್ನೇನೂ ಬರೀಬೇಡಿ," ಅಂದ. ಅವನ ದನಿಯಲ್ಲಿ ನಿಜವಾದ ಭಯ ಇತ್ತು.

ಮಾರ್ಚ್ 31

ಧೈರ್ಯ ಮಾಡಿ ಹ್ಯಾಚರಿಗೆ ಹೋದೆ. ತಂಗಿ ನೋಡಿದಳು, ಕೆಲಸ ಮುಂದುವರಿಸಿದಳು. ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ಒಂದೊಂದೇ ತೋರಿಸುವ ಅಭ್ಯಾಸ ಅವಳಿಗೆ. ಇವತ್ತು ತೋರಿಸಲಿಲ್ಲ. ನಾನೇ ಇಣುಕಿದೆ. ಒಳಗೆ ಕಪ್ಪು ನೆರಳು, ಸರಿದಾಡಿತು.

"ಎಷ್ಟು ಬದುಕಿವೆ?"

"ಎಲ್ಲ. ಇಷ್ಟು ಚೆನ್ನಾಗಿ ಯಾವತ್ತೂ ಮರಿ ಕಟ್ಟಿರಲಿಲ್ಲ."

ಅಷ್ಟೇ ಮಾತು. ಟೀ ಕೊಟ್ಟಳು. ಸಕ್ಕರೆ ನನಗೆಷ್ಟು ಬೇಕೋ ಅಷ್ಟೇ ಹಾಕಿದ್ದಳು.

ಏಪ್ರಿಲ್ 2

ಊರಿನ ಸಾಕಾಣಿಕೆಯವರನ್ನೆಲ್ಲ ಕೇಳಿ ಬಂದೆವು, ಇಬ್ಬರೂ. ಅವರೆಲ್ಲ ದೊಡ್ಡ ಕಂಪನಿಗಳಿಗೆ ಸಾಕುವವರು. ಮರಿ, ಮೇವು, ಔಷಧಿ ಎಲ್ಲ ಕಂಪನಿಯದೇ. ಹೊರಗಿನ ಮರಿ ಮುಟ್ಟುವ ಹಾಗಿಲ್ಲ. ನಾಲ್ಕೈದು ಮನೆಯವರು ಮಕ್ಕಳಿಗೆಂದು ಒಂದೊಂದು ಪೆಟ್ಟಿಗೆ ತೆಗೆದುಕೊಂಡಾರು. ಮಿಕ್ಕಿದ್ದು? ಅಷ್ಟು ಮರಿ ಸಾಕಲು ತಂಗಿಯ ಹತ್ತಿರ ಬೆಚ್ಚಗಿನ ಕೊಟ್ಟಿಗೆ ಇಲ್ಲ, ಮೇವಿಲ್ಲ. ಹೊಟ್ಟೆಯ ಬುತ್ತಿ ಮುಗಿದ ಮೇಲೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ.

ಉಳಿದಿರುವುದು ಒಂದೇ ದಾರಿ. ಒಂದು ದಿನದ ರಸ್ತೆಯಾಚೆ ಇನ್ನೊಂದು ವಿಮಾನ ನಿಲ್ದಾಣ. ಅಲ್ಲಿಂದಲೂ ದ್ವೀಪಕ್ಕೆ ವಿಮಾನ ಉಂಟು. ಅಲ್ಲಿನ ಏಜೆಂಟ್ ನಾಳೆ ಪೇಟೆಗೆ ಬರುತ್ತಾನಂತೆ. ಒಪ್ಪಿದರೆ ನಾಡಿದ್ದು ವ್ಯಾನ್ ಹೊರಡಬಹುದು.

ಏಪ್ರಿಲ್ 3, ಮಧ್ಯಾಹ್ನ

ಹ್ಯಾಚರಿಯಲ್ಲೇ ಕೂತು ಬರೆಯುತ್ತಿದ್ದೇನೆ. ತಂಗಿ ಏಜೆಂಟನ್ನು ನೋಡಲು ಹೋಗಿದ್ದಾಳೆ. ಹೋಗುವಾಗ ಗೋಡೆಯ ಕಡೆ ಕೈ ತೋರಿಸಿದಳು.

"ಆ ಕೆಂಪು ಸ್ವಿಚ್ಚು ನೋಡು, ಕಾವಿನ ಯಂತ್ರದ್ದು. ಅವನು ಆಗಲ್ಲ ಅಂದ್ರೆ ಇವತ್ತೇ ಆಫ್ ಮಾಡ್ಬೇಕು. ಹೊರಗೆ ಬಂದ್ಮೇಲೆ ಕಣ್ಣು ಬಿಟ್ಟು ನನ್ನ ಮುಖ ನೋಡ್ತವೆ. ನನ್ ಕೈಲಿ ಆಗಲ್ಲ ಅಕ್ಕಾ. ನೀನು ಮಾಡು."

"ನನ್ನ ಮೇಲೆ ಕೋಪಾನಾ?"

ಚಪ್ಪಲಿ ಹಾಕಿಕೊಂಡಳು. "ಕೋಪಕ್ಕೆ ಟೈಮಿಲ್ಲ. ಆಮೇಲೆ ಮಾಡ್ಕೋತೀನಿ. ಬೇರೆ ಯಾರನ್ನ ಕೇಳ್ಲಿ, ನೀನೇ ಇರೋದು."

ಯಂತ್ರದ ಗಾಜಿನ ಹಿಂದೆ ಸಾಲು ಸಾಲು ಮೊಟ್ಟೆ. ಹತ್ತಿರ ಹೋದೆ. ಮೊದಲು ಫ್ಯಾನಿನ ಸದ್ದು ಅಂದುಕೊಂಡೆ. ಅಲ್ಲ. ಮೊಟ್ಟೆಯೊಳಗಿಂದಲೇ. ಇನ್ನೂ ಒಡೆದಿಲ್ಲ, ಆಗಲೇ ಮಾತು. ಒಂದು ಶುರು ಮಾಡಿದರೆ ಪಕ್ಕದ್ದು ಉತ್ತರ ಕೊಡುತ್ತದೆ. ಈ ಮೂಲೆಯಿಂದ ಆ ಮೂಲೆಗೆ ಹಬ್ಬುತ್ತದೆ.

ಸರಕು ವಿಮಾನ ಮೇಲೆ ಹೋಯಿತು. ತಟ್ಟೆಗಳು ಸಣ್ಣಗೆ ನಡುಗಿದವು. ಎಲ್ಲ ಒಮ್ಮೆಲೇ ಸುಮ್ಮನಾದವು. ಸದ್ದು ದೂರವಾದ ಮೇಲೆ ಮತ್ತೆ ಒಂದು... ಮತ್ತೊಂದು.

ಒಂದು ಮೊಟ್ಟೆಯಲ್ಲಿ ಬಿರುಕು. ಅದರಲ್ಲಿ ಕೊಕ್ಕಿನ ತುದಿ, ಸಾಸಿವೆಯಷ್ಟು.

ವ್ಯಾನ್ ಬಂತು. ಗೇಟಿನ ಹೊರಗೆ ನಿಂತಿದೆ. ಇಂಜಿನ್ ಆಫ್ ಆಯಿತು. ಬಾಗಿಲು ತೆಗೆದಳು, ಹಾಕಿದಳು.

ಅಕ್ಕಾ ಅಂತ ಕೂಗಲಿ.

ಗೇಟಿನ ಚಿಲಕ. ಈಗ ಗೇಟು ತೆರೆಯಿತು. ನಡೆದು ಬರುತ್ತಿದ್ದಾಳೆ, ಈ ಕಡೆಗಲ್ಲ — ಹಿತ್ತಲ ಕಡೆಗೆ.

ಪೆನ್ನು ಇಡುತ್ತೇನೆ. ಸ್ವಿಚ್ಚು ನನ್ನ ಎತ್ತರಕ್ಕೇ ಇದೆ, ಕೈ ಚಾಚಿದರೆ