ಐಹೊಳಿಯ ಆರು ಕುರ್ಚಿ

ಜನವರಿ 4, ಶನಿವಾರ. ಮುಂಜಾನೆ 7

ಸ್ವಸ್ತಿ! ಸಮಸ್ತ ಭುವನಾಶ್ರಯ, ಇನ್ನೂರು ಪುಟಗಳ ಒಡೆಯ, ಮೂಲಿಗೆ ಚಹಾದ ಕಲೆ ಧರಿಸಿದ ಶ್ರೀಮನ್ಮಹಾ ನೋಟ್‌ಬುಕ್ ಚಕ್ರವರ್ತಿಗಳ ಪಾದಕ್ಕೆ ಇಳಕಲ್ಲಿನ ಗೌತಮ, ಬಿ.ಕಾಂ. ಎರಡನೇ ವರ್ಷ, ಒಂದು ಸಬ್ಜೆಕ್ಟ್ ಬಾಕಿ, ಸಾಷ್ಟಾಂಗ ಎರಗಿ ಬಿನ್ನವಿಸುವುದೇನೆಂದರೆ —

ಇನ್ನೂ ಹಲ್ಲುಜ್ಜಿಲ್ಲ. ಅಕ್ಕ ಆಗಲೇ ಮೈಕಿನ ವಾಯರ್ ಸುತ್ತಲಿಕ್ಕೆ ಕೂಡಿಸಿದಾಳ. ಕಸ್ತೂರಿ ಅಕ್ಕನ ಡಾಕ್ಯುಮೆಂಟರಿ: ‘ಕಸದ ಬುಟ್ಟಿ ಇಲ್ಲದ ಮನಿ’. ಮನಿ ಐಹೊಳಿಯ ಶಾರವ್ವ ಆಯೀದು, ಅವ್ವನ ಕಡೆ ಬಳಗ. ಆಯಿ ಏನೂ ಒಗೆಯೋದಿಲ್ಲ. ಹಳೇ ಸೀರಿ ಕೌದಿ ಆಗತದ. ಕೌದಿ ಹರಿದ್ರ ಎಮ್ಮಿ ಬೆನ್ನಿಗೆ. ಬಿತ್ತೋ ಬೀಜ ಬೂದ್ಯಾಗ ಜೋಪಾನ. ಜಳಕದ ನೀರು ನುಗ್ಗಿ ಗಿಡಕ್ಕ.

ಅಪ್ಪನ ರಾಜಾಜ್ಞೆ ಹೊರಟಿದೆ: ಬಾಗಲಕೋಟೆಯ ಪರಿಸರ ಚಿತ್ರೋತ್ಸವಕ್ಕೆ ಪಿಕ್ಚರ್ ಆಯ್ಕೆ ಆದ್ರ ಅಕ್ಕ ಕ್ಯಾಮೆರಾ ಹಿಡಕೊಂಡು ಅಡ್ಡಾಡಬಹುದು. ಇಲ್ಲಂದ್ರ ಬಿ.ಎಡ್. ಅಕ್ಕ ಎರಡು ದಿನದಿಂದ ಸರಿ ಉಂಡಿಲ್ಲ. ಅವಳ ಪಾಲಿನ ರೊಟ್ಟಿ ವ್ಯರ್ಥವಾಗದಂತೆ ನಾನೇ ನೋಡಿಕೊಂಡೆ. ಪರಿಸರ ಸೇವೆ.

ಜನವರಿ 8, ಬುಧವಾರ

ಮುಂಗಡ ದೂತನಾಗಿ ಐಹೊಳಿಗೆ ಹೋಗಿ ಬಂದೆ. ಹುನಗುಂದದಾಗ ಬಸ್ ಬದಲಿ, ಒಂದು ತಾಸು ಧ್ಯಾನ. ‘ನಾಳೆ ಬರ್ತೇವಿ, ಮನಿ ಹೆಂಗದ ಹಂಗ ಇರಲಿ’ ಅಂತ ಹೇಳೋದಷ್ಟೇ ಕೆಲಸ. ನಾ ಹೇಳಿದ್ದು: ‘ಆಯಿ, ಜಿಲ್ಲಾದ ಮಂದಿ ಎಲ್ಲಾ ನೋಡತಾರ. ಕನ್ಯಾ ನೋಡಲಿಕ್ಕೆ ಬೀಗರು ಬಂದಾಗ ಹೆಂಗ ತಯಾರಾಗ್ತೀರಿ, ಹಂಗ ಆಗು.’

ಹಿ ಹಿ. ನಾಳೆ ಮಜಾ ಅದ.

ಜನವರಿ 9, ಗುರುವಾರ. ಮಧ್ಯಾಹ್ನ

ಸರ್ವನಾಶ. ಒಳಗ ಆರು ಕೆಂಪು ಪ್ಲಾಸ್ಟಿಕ್ ಕುರ್ಚಿ. ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ಹಾರ. ಒಳಕಲ್ಲಿನ ಮ್ಯಾಲ ಅರಿವಿ ಹೊಚ್ಚಿ, ಅದರ ಮ್ಯಾಲ ಮಿಕ್ಸರ್. ಕೌದಿ, ಗಡಿಗಿ, ಬೀಜ — ಎಲ್ಲಾ ಹಿತ್ತಲದಾಗ ತಾಡಪತ್ರಿ ಕೆಳಗ.

‘ಬರ್ರಿ, ಕುರ್ಚಿ ಮ್ಯಾಲ ಕುಂಡರ್ರಿ!’ ಅಂದಳು ಆಯಿ.

ಅಕ್ಕನ ಮಾರಿ ಸುಣ್ಣ. ‘ಆಯಿ, ನಿನ್ನ ಕೌದಿ ಎಲ್ಲಿ?’

‘ಥೂ, ಆ ಹರಕ ಯಾಕ ತೋರಸ್ಲಿ? ಮಂದಿ ನಗಲಿ ಅಂತೇನ? ಪಿಕ್ಚರ್ ಮುಗಿಯೂತನಕ ಒಂದೂ ತೆಗೆಯೂದಿಲ್ಲ, ಹೇಳೇನಿ.’

ಕಾಲೇಜಿನ ಕ್ಯಾಮೆರಾ ನಾಳೆ ವಾಪಸ್. ಬೇರೆ ದಿನ ಇಲ್ಲ. ‘ನಿನ್ನೆ ನಾ ಹೊರಡೂತನಕ ಎಲ್ಲಾ ಹೆಂಗಿತ್ತೋ ಹಂಗ ಇತ್ತು’ ಅಂತ ನಾ ಮೊದಲೇ ಹೇಳಿಬಿಟ್ಟೆ. ಅಕ್ಕ ಕ್ಯಾಮೆರಾ ಹಿಡಿಯೋ ಮುಕ್ತಾರನ ಮ್ಯಾಲ ಹರಿಹಾಯ್ದಳು. ‘ನಿನ್ನೆ ಸಂಜಿಗೆ ಆಯಿಗೆ ಫೋನ್ ಹಚ್ಚಿದವ ನೀನ ಅಲ್ಲ? ಏನ್ ಹೇಳಿದಿ ಲೇ?’

‘ದಾರಿ ಕೇಳಿದೆ ಅಷ್ಟ, ಅಕ್ಕಾ! ಖುದಾ ಕಸಮ್!’

ನಾನು ಗಂಭೀರವಾಗಿ ವಾಯರ್ ಸುತ್ತಿದೆ. ಬಿಚ್ಚಿದೆ. ಮತ್ತ ಸುತ್ತಿದೆ.

ಅದೇ ದಿನ, ಸಂಜಿ

ನಾಲ್ಕಕ್ಕೆ ನೆರೆಮನಿ ಜೈನಬಿ ಬಂದಳು. ‘ಶಾರವ್ವಾ, ಮುಗೀತೇನ ನಿನ್ನ ಸಿನಿಮಾ? ಮಿಕ್ಸರ್ ಕೊಡು, ಮಸಾಲಿ ರುಬ್ಬಬೇಕು.’ ಹಿಂದ ಎದುರುಮನಿ ದುರಗಪ್ಪ ಕಾಕಾ. ಬಂದವರೇ ಎರಡು ಕುರ್ಚಿ ತಲಿಮ್ಯಾಲ ಹೊತ್ತರು.

ಮೂಲ್ಯಾಗ ಕೂತು ಅಳ್ತಿದ್ದ ಅಕ್ಕ ತಲಿ ಎತ್ತಿದಳು. ‘ಕಾಕಾ, ಈ ಕುರ್ಚಿ ಯಾರವು?’

‘ಓಣೀವು. ಇಪ್ಪತ್ತು ಮನಿಗೆ ಆರು. ಕನ್ಯಾ ನೋಡೂದಿದ್ರ, ತೊಟ್ಟಿಲಿದ್ರ, ಯಾರರೆ ಸತ್ರ — ಅಲ್ಲಿಗೆ ಹೋಗತಾವ. ಮಿಕ್ಸರೂ ಹಂಗ, ಹಾರಾನೂ ಹಂಗ.’

‘ಮನಿಗೊಂದು ಯಾಕ ತಗೊಳ್ಳೂದಿಲ್ಲ?’

‘ತಗೊಂಡು? ವರ್ಷಪೂರ್ತಿ ಬೆಕ್ಕು ಕುಂಡರಸ್ಲೇನ ತಂಗಿ?’

ಅಕ್ಕ ಎದ್ದಳು. ‘ಮುಕ್ತಾರ, ಕ್ಯಾಮೆರಾ! ಕುರ್ಚಿ ಹಿಂದ ಓಡು!’ ಕುರ್ಚಿ ಮುಂದ, ಕ್ಯಾಮೆರಾ ಹಿಂದ, ಅದರ ಹಿಂದ ಮೈಕ್ ಹಿಡಿದ ನಾ, ನನ್ನ ಹಿಂದ ಓಣಿ ನಾಯಿ ಎಲ್ಲಾ. ಹೊತ್ತು ಮುಳುಗೂತನಕ ಶೂಟಿಂಗ್. ಯಾವ ಸಾಮಾನು ಯಾವ ಮನಿಗೆ, ಯಾಕ, ಯಾವಾಗ. ಆಯಿ ಎಲ್ಲಾರಕಿಂತ ಮುಂದ ನಿಂತು ಹೇಳ್ತಿದ್ದಳು. ನಾಚಿಕಿ ಎಲ್ಲಿಗೋ ಓಡಿತ್ತು.

ಜನವರಿ 21

ಎಡಿಟಿಂಗ್. ಹೊಸ ಹೆಸರು: ‘ಆರು ಕುರ್ಚಿ, ಇಪ್ಪತ್ತು ಮನಿ’. ಅಕ್ಕ ಉಣ್ಣಲಿಕ್ಕೆ ಶುರು ಮಾಡಿದಾಳ. ನನ್ನ ಪಾಲಿಗೆ ರೊಟ್ಟಿ ಕಡಿಮಿ. ಕಲೆಗಾಗಿ ತ್ಯಾಗ.

ಮುಕ್ತಾರನ ಜೋಡಿ ಇನ್ನೂ ಮಾತಿಲ್ಲ ಅವಳದು. ಹೇಳಿಬಿಡಬೇಕು. ನಾಳೆ.

ಫೆಬ್ರವರಿ 2, ರವಿವಾರ

ಆಯ್ಕೆ ಆಗಿತ್ತು! ಇವತ್ತ ಬಾಗಲಕೋಟೆಯಲ್ಲಿ ತೋರಿಸಿದರು. ಆಯಿ ಮೊದಲ ಸಾಲಿನಾಗ. ದುರಗಪ್ಪ ಕಾಕಾ ಪರದಿ ಮ್ಯಾಲ ಬಂದ ಕೂಡಲೇ ‘ಏ, ನಮ್ಮ ದುರಗ್ಯಾ!’ ಅಂತ ಕೂಗಿದಳು. ಸಭಾಗೃಹ ಪೂರ್ತಿ ನಕ್ಕಿತು.

ಆಮ್ಯಾಲ ಅಕ್ಕ ವೇದಿಕೆ ಮ್ಯಾಲ: ‘ಆಯಿಗೆ ಕುರ್ಚಿ ತರಸ್ರಿ ಅಂತ ಯಾರೋ ಹೇಳಿದ್ರು. ನಾ ಭಾಳ ಬೈದೆ. ಅವರಿಂದನ ಈ ಪಿಕ್ಚರ್ ಆತು.’

ಮುಕ್ತಾರ ಎದ್ದು ನಿಂತ. ಕೈ ಮುಗಿದ. ಚಪ್ಪಾಳಿ!

ಹೊರಗ ಅವನ್ನ ಹಿಡಿದೆ. ‘ಲೇ, ನೀ ಅಲ್ಲಂತ ಖುದಾ ಕಸಮ್ ಹಾಕಿದ್ದೆಲ್ಲೋ!’

‘ಬೈಗುಳ ನಾ ತಿಂದೇನಿ. ಚಪ್ಪಾಳಿನೂ ನಂದ.’

ವಾಪಸ್ ಬಸ್ಸಿನಾಗ ಅಪ್ಪ ಕೆಮ್ಮಿ, ಕಿಟಕಿ ನೋಡಿಕೋತ ಕೇಳಿದ: ‘ಮುಂದಿನದು ಯಾವುದರ ಮ್ಯಾಲ?’ ಅಷ್ಟೇ. ಅಕ್ಕ ಕಣ್ಣಾಗ ಧೂಳು ಬಿತ್ತು ಅಂದಳು. ಕಿಟಕಿ ಮುಚ್ಚಿತ್ತು.

ಫೆಬ್ರವರಿ 3, ಸೋಮವಾರ

ಕಿತಾಪತಿ ನಂದು ಅಂತ ಅಕ್ಕನಿಗೆ ಹೇಳಲಿಕ್ಕೆ ಹೊರಟೆ. ಹೊಸ್ತಿಲದಾಗ ನಿಂತೆ. ಕಿತಾಪತಿ ಎಲ್ಲಿತ್ತು? ಚಕ್ರವರ್ತಿಗಳೇ, ಜನವರಿ 8ಕ್ಕ ನಿಮಗೂ ಸುಳ್ಳು ಬರೆದೆ.

ಅವತ್ತು ಆಯಿ ಮಣ್ಣಿನ ಗ್ವಾಡಿ ನೋಡಿದಳು, ಕೌದಿ ನೋಡಿದಳು. ಸಣ್ಣ ದನಿಯಾಗ: ‘ಗೌತಮಾ, ಹಿಂಗ ತೋರಿಸಿದ್ರ ಗತಿ ಇಲ್ಲದಾಕಿ ಅನ್ನೂದಿಲ್ಲೇನೋ ಮಂದಿ?’ ಎದ್ದು ಹೋಗಿ ಆರೂ ಕುರ್ಚಿ ನಾನೇ ಹೊತ್ತು ತಂದೆ. ಹಾರಾನೂ ನಾನೇ ಕಟ್ಟಿದೆ. ಇದು ಹೊರಗ ಬಿದ್ರ, ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಉಡಾಳ ಅನ್ನೋ ಹೆಸರು ಮಣ್ಣುಪಾಲು. ಹೊಸ್ತಿಲದಿಂದನ ವಾಪಸ್ ಬಂದೆ.