ನೆಂಟರಿಗೆ ಕೊಡುವ ನೀರು

ತದಡಿ ಕಡಲಕೇರಿ, ೨೧೯೧, ಹದಿಮೂರನೆಯ ತಿಂಗಳು

ನಮಗಿಂತ ಮುಂಚೆ ಬಾಳುತ್ತಿರುವ ಹಿರಿಯರಿಗೆ ಯಶೋದಾ ಅಯಾಲಾಳ ನಮಸ್ಕಾರ. ನನ್ನ ಕನ್ನಡಕ್ಕೆ ಸ್ಪ್ಯಾನಿಷ್ ಬೆರೆತಿದೆ, ಮನ್ನಿಸಿ. ತಿಂಗಳ ಲೆಕ್ಕಕ್ಕೆ ಬೆಚ್ಚಬೇಡಿ. ಮಳೆಗಾಲ ಹಿಗ್ಗಿದ ಮೇಲೆ ಪಂಚಾಂಗಕ್ಕೂ ಒಂದು ತಿಂಗಳು ಸೇರಿಸಿಕೊಂಡೆವು. ಕಡಲು ಊರು ನುಂಗಿದಾಗ ಹೊಂಡುರಾಸ್‌ನಿಂದ ಹಡಗು ಹತ್ತಿ ಬಂದವರ ಮೊಮ್ಮಕ್ಕಳು ನಾವು. ಉಪ್ಪಿನಗದ್ದೆಗೆ ನಮ್ಮ ಬೆವರು ಬೇಕು, ಆಸ್ಪತ್ರೆಯ ಸರದಿಯಲ್ಲಿ ನಾವು ಬೇಡ. ಅದಕ್ಕೇ ಕೇರಿಯವರು ತಮ್ಮೊಳಗಿಂದಲೇ ನನ್ನಂಥವರನ್ನು ಆರಿಸುತ್ತಾರೆ. ನಮ್ಮನ್ನು ಪ್ರೊಮೊತೋರಾ ಎನ್ನುತ್ತಾರೆ: ಮನೆಮನೆಗೆ ಹೋಗಿ ಜ್ವರ ನೋಡುವವಳು, ಬಸುರಿಯರನ್ನು ವಿಚಾರಿಸುವವಳು, ಬೈಗುಳವನ್ನೂ ತಿನ್ನುವವಳು.

ಈಗ ಕೇರಿಯಲ್ಲಿ ವಾಂತಿಭೇದಿ. ನೀರು ಕುದಿಸಿ ಎಂದು ಎಲ್ಲರಿಗೂ ಹೇಳಿದ್ದೆ, ಎಲ್ಲರೂ ಕುದಿಸುತ್ತಲೇ ಇದ್ದರು. ಆದರೂ ರೋಗ ನಿಲ್ಲಲಿಲ್ಲ. ಆಮೇಲೆ ಮುಚ್ಚುಗಾಡಿ ಬಂತು. ರೋಗಿಗಳನ್ನು ಹೊತ್ತೊಯ್ಯುವ, ಕಿಟಕಿಯಿಲ್ಲದ ಬಂಡಿ ಅದು. ಅದರಲ್ಲಿ ಹೋದವರ ಸುದ್ದಿಯೇ ಇಲ್ಲ. ಜೊತೆಗೆ ಬಂದ ಅಧಿಕಾರಿಗಳು ಯಾರ ಮನೆಯಲ್ಲೂ ಒಂದು ಗುಟುಕು ನೀರು ಮುಟ್ಟಲಿಲ್ಲ. ಅಂದಿನಿಂದ ನನಗೂ ಯಾರೂ ಕದ ತೆರೆಯುತ್ತಿಲ್ಲ.

ಇಂದು ಬೆಳಿಗ್ಗೆ ಡೊನ್ಯಾ ಚಾಬೆಲಾಳ ಜಗಲಿ ಹತ್ತಿದೆ. ಡೊನ್ಯಾ ಎಂದರೆ ನೀವು ಹೆಸರಿಗೆ ಸೇರಿಸುವ ಅಮ್ಮ ಇದ್ದಂತೆ. ಅಜ್ಜಿಮನೆಗೆಂದು ಬಂದಿದ್ದ ಪುಟ್ಟ ಮೊಮ್ಮಗಳು ನೈದಾ ಒಳಗೆ ಕಣ್ಣು ಗುಳಿಬಿದ್ದು ಮಲಗಿದ್ದಳು. ಮುದುಕಿ ಕರಾವಳಿಯ ಪದ್ಧತಿಯನ್ನು ಕರಾವಳಿಯವರಿಗಿಂತ ಗಟ್ಟಿಯಾಗಿ ಹಿಡಿದವಳು. ಆಗಷ್ಟೇ ಬಾವಿಯಿಂದ ಸೇದಿದ ನೀರು, ಒಂದು ಚೂರು ಬೆಲ್ಲ ನನ್ನ ಮುಂದಿಟ್ಟಳು. ಕುದಿಸಿದ್ದಿಲ್ಲವೇ ಎಂದೆ. ಆ ಸಪ್ಪೆ ನೀರು ಮನೆಮಂದಿಗಾಯಿತು, ನೆಂಟರಿಗೆ ಕೊಟ್ಟರೆ ಮರ್ಯಾದೆಯೇ ಎಂದಳು. ಒಳಗೆ ಮಲಗಿದ್ದ ಮಗುವಿನತ್ತ ತಿರುಗಿ ನೋಡಿದೆ. ನೈದಾ ಕೂಡ ನೆಂಟಳಾಗಿಯೇ ಬಂದವಳು.

ಲೋಟ ಸರಿಸಿದೆ. ಆಕೆ ಬಾಗಿಲಿಗೆ ಅಡ್ಡ ನಿಂತಳು.

“ನಮ್ಮನೆ ನೀರು ನಿಂಗೆ ಬ್ಯಾಡ ಅಂದ್ರೆ, ನಿನ್ ಮದ್ದೂ ನಮ್ಗೆ ಬ್ಯಾಡ ಮಗಾ.”

ವಾದ ಮಾಡುತ್ತ ಕೂತರೆ ಮಗು ಉಳಿಯುತ್ತಿರಲಿಲ್ಲ. ಕುಡಿದೆ. ಒಳಗೆ ಹೋಗಿ ಉಪ್ಪು-ಸಕ್ಕರೆಯ ನೀರನ್ನು ಚಮಚ ಚಮಚವಾಗಿ ಕುಡಿಸಿದೆ. ಮಧ್ಯಾಹ್ನ ನೈದಾ ಅತ್ತಳು, ಕಣ್ಣಲ್ಲಿ ನೀರೂ ಬಂತು. ಮೈಯಲ್ಲಿ ನೀರು ನಿಂತಿತೆಂದು ಆ ಕಣ್ಣೀರು ನೋಡಿ ನಾವಿಬ್ಬರೂ ನಕ್ಕೆವು. ಆಮೇಲೆ, ನೆಂಟರಿಗೆ ಕೊಡುವ ಹಸಿನೀರಿನಿಂದಲೇ ರೋಗ ಮನೆಮನೆಗೆ ಹರಡುತ್ತಿದೆ ಎಂದು ಅಜ್ಜಿಗೆ ಬಿಡಿಸಿ ಹೇಳಿದೆ. ಮುದುಕಿ ಎದ್ದು, ಕೇರಿಯ ಮನೆಮನೆಗೂ ಹೋಗಿ ನೆಂಟರ ನೀರನ್ನೂ ಒಲೆಗೇರಿಸಿ ಬಂದಳು.

ಈಗ ಸಂಜೆ. ನನ್ನ ಹೊಟ್ಟೆ ನುಲಿಯುತ್ತಿದೆ, ಕೈ ತಣ್ಣಗಾಗಿದೆ, ಹೆದರಿಕೆಯಾಗುತ್ತಿದೆ. ನನ್ನನ್ನು ಒಯ್ಯಲು ಬಂದ ಮುಚ್ಚುಗಾಡಿ ಅಂಗಳದಲ್ಲೇ ನಿಂತಿದೆ. ಚಾಬೆಲಾ ಮತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಾಳೆ, ಈ ಸಲ ನನ್ನನ್ನು ಒಳಗಿಟ್ಟುಕೊಂಡು.

ನಿಮ್ಮ ಕಾಲದಲ್ಲೂ ಹೀಗೆ ಮನೆಮನೆ ತಿರುಗುವವಳು ಒಬ್ಬಳು ಇದ್ದೇ ಇರುತ್ತಾಳೆ. ಅವಳು ಬಂದರೆ ಕೂರಿಸಿ, ನೀರು ಕೊಡಿ. ನೀವು ಕುಡಿಯುವುದನ್ನೇ ಕೊಡಿ.