ನಾನು ಹೇಳಿದ ಸುಳ್ಳು ಕ್ಷಮೆ

ಜೂನ್ ೧೪, ಅಂತ್ಸಿರಾನಾನಾ ಬಂದರು

ಇಪ್ಪತ್ತು ವರ್ಷ ಈ ಹಡಗುಗಳಲ್ಲಿ 'ಊಟ ಆಯ್ತಾ', 'ಹಗ್ಗ ಎಳಿ' ಎಂದು ಬಾಸ್ಕ್ ನಾವಿಕರ ಮಾತನ್ನು ನಮ್ಮ ಮಲಗಾಸಿ ಭಾಷೆಗೆ ತಿರುಗಿಸಿದೆ. ನಮ್ಮ ಹಿರಿಯರ ಸಮಾಧಿಗಳತ್ತ ಬೆರಳು ಚಾಚಿದರೆ ಅವರಿಗೆ ಅವಮಾನ, ಬೆರಳು ಮಡಚಿಯೇ ತೋರಿಸಬೇಕು ಎಂದು ಮಾತ್ರ ಬಾಸ್ಕ್ ಕಪ್ತಾನ ಕೋಲ್ಡೋಗೆ ಹೇಳಿಕೊಡಲಿಲ್ಲ. ಇವತ್ತು ಬಂದರಿನ ಕಟ್ಟೆಯಲ್ಲಿ ನಿಂತು ಅವನು ದಡದ ಸಮಾಧಿಯತ್ತ ಬೆರಳು ಚಾಚಿದ. ನಮ್ಮ ಬಲೆಯಾಳು ಜಫಿಮಾರು ಮೀನಿನ ಕೊಕ್ಕೆಯಿಂದ ಅವನ ಕೆನ್ನೆ ಸೀಳಿಬಿಟ್ಟ.

ಕೋಲ್ಡೋ ರಕ್ತ ಉಗುಳಿದ. "ಇವನನ್ನ ಸಿಗಿದು ಸಮುದ್ರಕ್ಕೆ ಎಸೀತೀನಿ. ಹೇಳೋ ಮುದುಕಾ!"

"ಏನಂತಾನೆ ತಾತ?" ಜಫಿಮಾರು ಮತ್ತೆ ಕೊಕ್ಕೆ ಎತ್ತಿದ್ದ.

"ತಪ್ಪಾಯ್ತು ಅಂತಾನೆ ಕಣಪ್ಪಾ."

ಕೊಕ್ಕೆ ಕೆಳಗಿಳಿಯಿತು. ನಾಳೆ ಜಫಿಮಾರು ಕೋಳಿ ಹಿಡಿದು ರಾಜಿಗೆ ಹಡಗು ಹತ್ತುತ್ತಾನಂತೆ, ಹುಚ್ಚು ಹುಡುಗ. ಕೋಲ್ಡೋ ಅಲ್ಲಿ ಚಾಕು ಮಸೆಯುತ್ತಿದ್ದಾನೆ. ಬೆಳಗಾಗುತ್ತಲೇ ನಾನೇ ಮೊದಲು ಹತ್ತಿ, ಹೇಳಿಕೊಡದ ತಪ್ಪು ನನ್ನದೆಂದು ಅವನೆದುರು ಈ ಮುದಿ ಕೆನ್ನೆ ಒಡ್ಡಬೇಕು. ಆಮೇಲೆ ಅವನು ಏನು ಮಾಡಿದರೂ ಸರಿ, ಜಫಿಮಾರು ಹತ್ತುವ ಮೊದಲೇ ಮುಗಿಯಲಿ.